ತಕ್ಕಡಿಯ ಕಪ್ಪೆ, ತಟ್ಟೆಯ ಗಾಯ

ವಿಂಡೋಸ್ 98 ಇರುವ ಹಳೆಯ ಕಂಪ್ಯೂಟರಿನಲ್ಲಿ ಡಿಸ್ಕಿನ ದೋಷ ಹುಡುಕುವ ಸ್ಕ್ಯಾನ್‌ಡಿಸ್ಕ್ ಓಡಿಸಿದವರಿಗೆ ಎರಡು ನೋಟಗಳು ಚೆನ್ನಾಗಿ ಪರಿಚಿತ. ಒಂದರಲ್ಲಿ ನೀಲಿ ಪಟ್ಟಿ ನಿಧಾನವಾಗಿ ಬೆಳೆದು ಮುಕ್ಕಾಲು ದಾರಿ ಸವೆಸುತ್ತದೆ; ಇನ್ನೇನು ಮುಗಿಯಿತು ಅನ್ನುವಾಗ ಸೊನ್ನೆಗೆ ಮರಳಿ ಮೊದಲಿನಿಂದ ಶುರುವಾಗುತ್ತದೆ. ಹೀಗೆ ಹತ್ತು ಸಲ ಆದ ಮೇಲೆ, ಬೇರೆ ಯಾವುದೋ ಪ್ರೋಗ್ರಾಂ ಈ ಡ್ರೈವಿಗೆ ಬರೆಯುತ್ತಲೇ ಇದೆ, ಕೆಲವನ್ನು ಮುಚ್ಚಿದರೆ ಕೆಲಸ ಬೇಗ ಮುಗಿದೀತು ಎಂಬರ್ಥದ ಎಚ್ಚರಿಕೆ ಪರದೆಗೆ ಬರುತ್ತದೆ. ಇನ್ನೊಂದು ನೋಟದಲ್ಲಿ ಪಟ್ಟಿ ಹಿಂದಕ್ಕೆ ಹೋಗುವುದಿಲ್ಲ, ಒಂದು ಜಾಗಕ್ಕೆ ಬಂದು ನಿಂತುಬಿಡುತ್ತದೆ. ಗಂಟೆ ಕಳೆದರೂ ಅಲ್ಲೇ. ಪೆಟ್ಟಿಗೆಯ ಒಳಗಿನಿಂದ ಟಕ್ ಟಕ್ ಸದ್ದು. ಎರಡು ಸಂದರ್ಭದಲ್ಲೂ ಜನ ಮಾಡುವುದು ಒಂದೇ: ‘ಹ್ಯಾಂಗ್ ಆಯ್ತು’ ಅನ್ನುತ್ತಾರೆ, ಪವರ್ ಬಟನ್ ಒತ್ತಿ ಆರಿಸುತ್ತಾರೆ, ಮತ್ತೆ ಅದೇ ತಪಾಸಣೆ ಹಚ್ಚುತ್ತಾರೆ. ತಪಾಸಣೆ ಮಾಡುವ ಪ್ರೋಗ್ರಾಂ ಕೆಟ್ಟಿದೆ ಎಂದುಕೊಂಡು ಇನ್ನೊಂದನ್ನು ಹುಡುಕಿ ತರುವವರೂ ಇದ್ದಾರೆ. ಈ ಅಧ್ಯಾಯದ ವಾದ ಇಷ್ಟೇ: ಮುಗಿಯದೆ ಹೋದದ್ದು ತಪಾಸಣೆ ಕೊಟ್ಟ ಉತ್ತರ, ಅದನ್ನು ಉತ್ತರವೆಂದೇ ಓದಬೇಕು. ಮರಳಿ ಮರಳಿ ಶುರುವಾಗುವುದಕ್ಕೂ ನಿಂತಲ್ಲೇ ನಿಲ್ಲುವುದಕ್ಕೂ ಕಾರಣ ಬೇರೆ, ಮದ್ದು ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಉಳಿಯಬಹುದಾಗಿದ್ದ ಕಡತಗಳೂ ಕೈಬಿಟ್ಟು ಹೋಗುತ್ತವೆ.

ಸ್ಕ್ಯಾನ್‌ಡಿಸ್ಕ್ ಮಾಡುವ ಕೆಲಸ ಎರಡು ಬಗೆಯದು. ಒಂದು ಲೆಕ್ಕಪತ್ರದ ತಪಾಸಣೆ, ಇನ್ನೊಂದು ನೆಲದ ತಪಾಸಣೆ. ಲೆಕ್ಕಪತ್ರ ಅಂದರೆ ಫ್ಯಾಟ್ ಎಂಬ ಪಟ್ಟಿ. ಇದರ ಮೂಲರೂಪ 1977ರಷ್ಟು ಹಳೆಯದು, ಫ್ಲಾಪಿಗಳ ಕಾಲದ್ದು; ಹಿಗ್ಗಿಸಿದ ರೂಪವಾದ ಫ್ಯಾಟ್32 ಬಂದದ್ದು 1996ರಲ್ಲಿ, ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯ ಜೊತೆಗೆ. ಡಿಸ್ಕಿನ ಜಾಗವನ್ನು ಕ್ಲಸ್ಟರ್ ಎಂಬ ಸಮಾನ ತುಂಡುಗಳಾಗಿ ಹಂಚಿ, ಪ್ರತಿ ತುಂಡಿಗೂ ಪಟ್ಟಿಯಲ್ಲಿ ಒಂದು ಮನೆ ಕೊಡಲಾಗಿದೆ. ಆ ಮನೆಯಲ್ಲಿ ಬರೆದಿರುವುದು, ಈ ಕಡತದ ಮುಂದಿನ ತುಂಡು ಎಲ್ಲಿದೆ ಎಂಬ ಸಂಖ್ಯೆ ಮಾತ್ರ. ಒಂದು ಪತ್ರ 210ನೆಯ ಕ್ಲಸ್ಟರಿನಲ್ಲಿ ಶುರುವಾಗಿದೆ ಎಂದುಕೊಳ್ಳಿ. 210ರ ಮನೆಯಲ್ಲಿ 211 ಎಂದಿದೆ, 211ರ ಮನೆಯಲ್ಲಿ ‘ಇಲ್ಲಿಗೆ ಮುಗಿಯಿತು’ ಎಂಬ ಗುರುತಿದೆ. ಪತ್ರ ಅಷ್ಟೇ. ಬೇರಾವ ಸುಳಿವನ್ನೂ ಫ್ಯಾಟ್ ಇಟ್ಟುಕೊಂಡಿಲ್ಲ. ಸರಪಳಿಯ ಒಂದು ಕೊಂಡಿ ತಪ್ಪಿದರೆ ಆಚೆಗಿನ ಪುಟಗಳು ಡಿಸ್ಕಿನ ಮೇಲೆ ಇದ್ದೂ ವಿಳಾಸವಿಲ್ಲದವು. ಇಂಥ ಅನಾಥ ತುಂಡುಗಳನ್ನು, ಎರಡು ಕಡತಗಳು ತಮ್ಮದೆಂದು ಹೇಳಿಕೊಳ್ಳುವ ಒಂದೇ ತುಂಡನ್ನು, ಫ್ಯಾಟ್‌ನ ಎರಡು ಪ್ರತಿಗಳ ನಡುವಿನ ಹೊಂದಾಣಿಕೆಯಿಲ್ಲದ ಜಾಗಗಳನ್ನು ಪತ್ತೆಹಚ್ಚುವುದು ಮೊದಲ ತಪಾಸಣೆಯ ಗುರಿ.

ಇದೇ ಪತ್ರವನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಸ್ಕ್ಯಾನ್‌ಡಿಸ್ಕ್ ಪಟ್ಟಿಯನ್ನು ಮೊದಲಿನಿಂದ ಓದುತ್ತ 300ನೆಯ ಮನೆಯವರೆಗೆ ಬಂದಿದೆ. ಪತ್ರ 211ರಲ್ಲಿ ಮುಗಿಯುತ್ತದೆ ಎಂದು ಅದು ಗುರುತು ಹಾಕಿಕೊಂಡಾಗಿದೆ. ಆ ಹೊತ್ತಿಗೆ ಸರಿಯಾಗಿ ವರ್ಡ್ ಪ್ರೊಸೆಸರ್ ತಾನೇ ತಾನಾಗಿ ಪತ್ರವನ್ನು ಉಳಿಸುತ್ತದೆ. ಪತ್ರ ಒಂದು ಪುಟ ಬೆಳೆದಿದೆ, ಹೊಸ ತುಂಡು ಬೇಕು, 340 ಖಾಲಿ ಇದೆ. ವಿಂಡೋಸ್ 211ರ ಮನೆಯಲ್ಲಿ 340 ಎಂದು ಬರೆದು, 340ರ ಮನೆಗೆ ಮುಕ್ತಾಯದ ಗುರುತು ಹಾಕುತ್ತದೆ. ಈಗ ಸ್ಕ್ಯಾನ್‌ಡಿಸ್ಕ್ ಮುಂದುವರಿದು 340ಕ್ಕೆ ಬಂದಾಗ ಅದಕ್ಕೆ ಕಾಣುವುದೇನು? ಭರ್ತಿಯಾದ ಒಂದು ತುಂಡು, ಅದಕ್ಕೆ ಯಾರೂ ವಾರಸುದಾರರಿಲ್ಲ. ಅದರ ಲೆಕ್ಕದ ಪ್ರಕಾರ ಇದು ಅನಾಥ. ನಿಯಮದಂತೆ ‘ದುರಸ್ತಿ’ ಮಾಡಿದರೆ ಆ ತುಂಡನ್ನು ಕಿತ್ತು ಬೇರೆ ಕಡತವಾಗಿ ಎತ್ತಿಡಬೇಕು, ಇಲ್ಲವೇ ಖಾಲಿ ಎಂದು ಸಾರಬೇಕು. ಎರಡರಲ್ಲಿ ಯಾವುದನ್ನು ಮಾಡಿದರೂ ಈಗಷ್ಟೇ ಬರೆದ ಪುಟ ಪತ್ರದಿಂದ ಕಳಚಿಹೋಗುತ್ತದೆ. ಖಾಲಿ ಎಂದು ಸಾರಿದ ತುಂಡನ್ನು ಇನ್ನೊಂದು ಕಡತಕ್ಕೆ ಕೊಟ್ಟರಂತೂ ಒಂದೇ ನೆಲಕ್ಕೆ ಇಬ್ಬರು ಒಡೆಯರು. ಡಿಸ್ಕಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಹುಟ್ಟಿದ್ದು ತಪಾಸಣೆಯಿಂದಲೇ. ತಕ್ಕಡಿಯಲ್ಲಿ ಕಪ್ಪೆ ತೂಗುವವರ ಕಷ್ಟ ಇದೇ. ಐದನೆಯದನ್ನು ಇಡುವಷ್ಟರಲ್ಲಿ ಎರಡನೆಯದು ಹಾರಿರುತ್ತದೆ, ಕೊನೆಗೆ ಸಿಗುವ ತೂಕ ಯಾವ ಗಳಿಗೆಯದ್ದೂ ಆಗಿರುವುದಿಲ್ಲ.

ಹಾಗಾಗಿ ‘ನಡುವೆ ಏನಾದರೂ ಬದಲಾದರೆ ಆಗಲಿ, ಮುಂದಕ್ಕೆ ಹೋಗಬಾರದೇ’ ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟ: ಹೋಗಬಾರದು. ಯಾರೋ ಬರೆದರು ಎಂದು ಗೊತ್ತಾದ ಕೂಡಲೇ ಹಿಡಿದ ಲೆಕ್ಕವನ್ನು ಹರಿದು ಹಾಕಿ ಮೊದಲಿನಿಂದ ಎಣಿಸುವುದು ಆ ಪ್ರೋಗ್ರಾಮಿನ ಪ್ರಾಮಾಣಿಕತೆ. ಬಳಕೆದಾರರಿಗೆ ಹಟದಂತೆ ಕಾಣುವ ಈ ನಡೆ ಅವರ ಕಡತಗಳನ್ನು ಕಾಯುತ್ತಿದೆ. ಅದೇ ಡ್ರೈವಿನ ಮೇಲೆ ಓಡುವ, ಚದುರಿದ ಕಡತಗಳ ತುಂಡುಗಳನ್ನು ಒಟ್ಟಿಗೆ ಜೋಡಿಸುವ ಡಿಫ್ರ್ಯಾಗ್ ಕೂಡ, ಡ್ರೈವಿನಲ್ಲಿರುವುದು ಬದಲಾಗಿದೆ ಎಂದು ಹೇಳಿ ಮರಳಿ ಶುರುಮಾಡುವುದು ಇದೇ ಕಾರಣಕ್ಕೆ. ಹಾಗಿದ್ದರೆ ಕೇಳಬೇಕಾದದ್ದು, ಯಾರೂ ಕೀಲಿಮಣೆ ಮುಟ್ಟದಿದ್ದಾಗ ಬರೆಯುತ್ತಿರುವುದು ಯಾರು ಎಂದು. ಆ ಕಾಲದ ಯಂತ್ರಗಳಲ್ಲಿ ಬರೆಯುವವರು ಬಹಳ. ರ‍್ಯಾಮ್ ಕಡಿಮೆಯಿದ್ದಾಗ ವಿಂಡೋಸ್ ತನ್ನ ಸ್ವಾಪ್ ಕಡತವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಸ್ಕ್ರೀನ್ ಸೇವರ್ ಎದ್ದೇಳುತ್ತದೆ. ಆ್ಯಂಟಿವೈರಸ್ ತನ್ನ ದಿನಚರಿ ಬರೆಯುತ್ತದೆ. ಮೈಕ್ರೋಸಾಫ್ಟ್ ಆಫೀಸಿನ ಜೊತೆ ಬರುತ್ತಿದ್ದ ಫೈಂಡ್ ಫಾಸ್ಟ್ ಎಂಬ ಸಹಾಯಕ, ಯಂತ್ರ ಸುಮ್ಮನಿದೆ ಎಂದು ಕಂಡ ಕೂಡಲೇ ಕಡತಗಳ ಸೂಚಿ ತಯಾರಿಸಲು ಕೂರುತ್ತದೆ. ಎಲ್ಲರೂ ಯಂತ್ರ ಬಿಡುವಾಗಿರುವ ಹೊತ್ತನ್ನೇ ಕಾಯುವವರು. ತಪಾಸಣೆಗೂ ಬೇಕಾದದ್ದು ಅದೇ ಹೊತ್ತು. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಎಕ್ಸ್‌ಪ್ಲೋರರ್ ಮತ್ತು ಸಿಸ್‌ಟ್ರೇ ಎರಡನ್ನು ಬಿಟ್ಟು ಉಳಿದದ್ದನ್ನೆಲ್ಲ ಒಂದೊಂದಾಗಿ ಮುಚ್ಚಿ ಎಂದು ರಿಪೇರಿಯವರು ಹೇಳುತ್ತಿದ್ದದ್ದು ಇದಕ್ಕೇ. ಅದೂ ಸಾಲದಿದ್ದರೆ ಯಂತ್ರ ಏಳುವಾಗ ಎಫ್8 ಒತ್ತಿ ಸೇಫ್ ಮೋಡ್. ಅದಕ್ಕೂ ಬಗ್ಗದಿದ್ದರೆ ವಿಂಡೋಸನ್ನೇ ಬದಿಗಿಟ್ಟು ಡಾಸ್‌ನಲ್ಲಿ ಸ್ಕ್ಯಾನ್‌ಡಿಸ್ಕ್. ಡಾಸ್‌ನಲ್ಲಿ ಒಂದು ಹೊತ್ತಿಗೆ ಒಂದೇ ಕೆಲಸ. ಬೇರೆ ಕೈ ಇಲ್ಲ, ಹಾಗಾಗಿ ಕಪ್ಪೆಯೂ ಹಾರುವುದಿಲ್ಲ.

ಒಂದಿಷ್ಟು ಬರವಣಿಗೆಯಿಂದ ಇಷ್ಟೊಂದು ತಡವಾಗುತ್ತದೆಯೇ ಎಂಬ ಅನುಮಾನ ಸಹಜ. ಐದು ನಿಮಿಷಕ್ಕೊಮ್ಮೆ ಯಾರಾದರೂ ಒಂದಕ್ಷರ ಬರೆದರೆ ತಪಾಸಣೆ ಸ್ವಲ್ಪ ತಡವಾಗಬಹುದು, ಮುಗಿಯದೇ ಹೋಗುವುದು ಹೇಗೆ? ಲೆಕ್ಕ ಹಾಕಿ ನೋಡಬಹುದು. ಬರವಣಿಗೆ ಯಾವ ಕ್ರಮವೂ ಇಲ್ಲದೆ ಸರಾಸರಿ 5 ನಿಮಿಷಕ್ಕೊಮ್ಮೆ ಆಗುತ್ತದೆ, ತಪಾಸಣೆಗೆ ಅಡ್ಡಿಯಿಲ್ಲದ 30 ನಿಮಿಷ ಬೇಕು, ಅಡ್ಡಿಯಾದರೆ ಮೊದಲಿನಿಂದ ಎಂದಿಟ್ಟುಕೊಳ್ಳಿ. ಒಂದು ಪ್ರಯತ್ನ ಗುರಿ ಮುಟ್ಟುವ ಸಾಧ್ಯತೆ ಸುಮಾರು 400ಕ್ಕೆ ಒಂದು. ಬಿದ್ದು ಎದ್ದು ಕೊನೆಗೆ ಮುಗಿಯಲು ಸರಾಸರಿ 33 ಗಂಟೆ ಬೇಕು. ಈಗ ಡಿಸ್ಕ್ ಎರಡು ಪಟ್ಟು ದೊಡ್ಡದಾಗಿ 60 ನಿಮಿಷ ಬೇಕಾಯಿತು ಅನ್ನಿ. ಕಾಯುವ ಹೊತ್ತು 66 ಗಂಟೆಯಾದೀತು ಎಂದು ಮನಸ್ಸು ಹೇಳುತ್ತದೆ. ಗಣಿತ ಹೇಳುವ ಉತ್ತರ 565 ದಿನ, ಒಂದೂವರೆ ವರ್ಷಕ್ಕೂ ಹೆಚ್ಚು. ಅಡ್ಡಿಯಿಲ್ಲದೆ ಉಳಿಯುವ ಸಾಧ್ಯತೆ ನಿಮಿಷ ನಿಮಿಷಕ್ಕೂ ಗುಣಾಕಾರದಲ್ಲಿ ಕುಗ್ಗುವುದರಿಂದ ಹೀಗಾಗುತ್ತದೆ. ಈ ಲೆಕ್ಕದ ಇನ್ನೊಂದು ಮುಖವೇ ನಮಗೆ ಉಪಯೋಗದ್ದು. ಬರೆಯುವವರನ್ನೆಲ್ಲ ಬಾಯಿ ಮುಚ್ಚಿಸಲು ಆಗದಿದ್ದರೂ, ಕೆಲವರನ್ನು ಸುಮ್ಮನಾಗಿಸಿ ಬರವಣಿಗೆಯನ್ನು 30 ನಿಮಿಷಕ್ಕೊಮ್ಮೆಗೆ ಇಳಿಸಿದರೆ, ಅದೇ 60 ನಿಮಿಷದ ತಪಾಸಣೆ ಸರಾಸರಿ ಮೂರು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಸ್ಕ್ರೀನ್ ಸೇವರ್ ಆರಿಸುವಂಥ ಸಣ್ಣ ಕೆಲಸದಿಂದ ಅಷ್ಟು ದೊಡ್ಡ ಫಲ ಸಿಗುತ್ತಿದ್ದದ್ದರ ಗುಟ್ಟು ಇದು. ಜನ ಅದನ್ನು ಅದೃಷ್ಟ ಅಂದುಕೊಂಡರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಚಲಿಸುತ್ತಿರುವುದನ್ನು ಎಣಿಸಲು ಆಗದು ಎಂಬುದೇ ಸುಳ್ಳು, ಆ ಪ್ರೋಗ್ರಾಂ ಬರೆದವರಿಗೆ ಬೇರೆ ದಾರಿ ಹೊಳೆಯಲಿಲ್ಲ ಅಷ್ಟೇ, ಎಂದು ಯಾರಾದರೂ ವಾದಿಸಬಹುದು. ಇದರಲ್ಲಿ ನಿಜವಿದೆ. ನಮ್ಮ ಜನಗಣತಿಯನ್ನೇ ನೋಡಿ. 2011ರಲ್ಲಿ ಗಣತಿದಾರರು ಫೆಬ್ರುವರಿ 9ರಿಂದ 28ರವರೆಗೆ ಮನೆ ಮನೆ ಸುತ್ತಿದರು, ಆದರೆ ಲೆಕ್ಕ ಮಾತ್ರ ಮಾರ್ಚ್ 1ರ ಶೂನ್ಯ ಗಂಟೆಯದು. ಮನೆಯಿಲ್ಲದವರನ್ನು 28ರ ರಾತ್ರಿಯೇ ಎಣಿಸಿದರು. ಆಮೇಲೆ ಮಾರ್ಚ್ 5ರವರೆಗೆ ಮತ್ತೊಂದು ಸುತ್ತು ಹೋಗಿ, ನಡುವೆ ಹುಟ್ಟಿದವರನ್ನು ಸೇರಿಸಿದರು, ತೀರಿಕೊಂಡವರನ್ನು ಕಳೆದರು. ಯಾರಾದರೂ ಹುಟ್ಟಿದ ಕೂಡಲೇ ಇಡೀ ದೇಶವನ್ನು ಮೊದಲಿನಿಂದ ಎಣಿಸಲಿಲ್ಲ. ಒಂದು ಗಳಿಗೆಯನ್ನು ಗೊತ್ತುಮಾಡಿ, ಆಚೀಚಿನ ಬದಲಾವಣೆಗಳನ್ನು ಬೇರೆ ಬರೆದಿಟ್ಟುಕೊಂಡರೆ ಸಾಕು. ಕಂಪ್ಯೂಟರ್ ಶಾಸ್ತ್ರದಲ್ಲೂ ಇದರ ಸೋದರ ಸಮಸ್ಯೆಯೊಂದಿದೆ: ಜಾಲದಲ್ಲಿ ಹರಡಿಕೊಂಡ ಹಲವು ಯಂತ್ರಗಳನ್ನು ನಿಲ್ಲಿಸದೆ ಅವುಗಳ ಒಟ್ಟು ಸ್ಥಿತಿಯ ಒಂದು ಸುಸಂಗತ ಚಿತ್ರ ಹಿಡಿಯುವುದು. ಅದಕ್ಕೆ 1985ರಲ್ಲಿ ಪರಿಹಾರ ಕೊಟ್ಟವರು ಲೆಸ್ಲಿ ಲ್ಯಾಂಪೋರ್ಟ್ ಮತ್ತು ಮದ್ರಾಸಿನ ಐಐಟಿಯಲ್ಲಿ ಓದಿದ ಕೆ. ಮಣಿ ಚಾಂಡಿ. ವಿಂಡೋಸ್ ಎಕ್ಸ್‌ಪಿ ಮತ್ತು ಸರ್ವರ್ 2003ರ ಹೊತ್ತಿಗೆ ಬಂದ ಶ್ಯಾಡೋ ಕಾಪಿ ಏರ್ಪಾಟಿನಲ್ಲಿ ಡಿಸ್ಕಿನ ಒಂದು ಗಳಿಗೆಯ ಚಿತ್ರ ಕದಲದೆ ನಿಲ್ಲುತ್ತದೆ, ಹೊಸ ಬರವಣಿಗೆ ತನ್ನ ಪಾಡಿಗೆ ಸಾಗುತ್ತದೆ. ವಿಂಡೋಸ್ 8ರಲ್ಲಿ ಡಿಸ್ಕ್ ತಪಾಸಣೆಯ ಪ್ರೋಗ್ರಾಂ ಆದ ಚೆಕ್‌ಡಿಸ್ಕನ್ನೇ ಹೊಸದಾಗಿ ಕಟ್ಟಿದರು: ಯಂತ್ರ ಓಡುತ್ತಿರುವಾಗಲೇ ದೋಷಗಳ ಪಟ್ಟಿ ಮಾಡಿಕೊಂಡು, ಡಿಸ್ಕಿಗೆ ಬೀಗ ಹಾಕುವುದು ಆ ದೋಷಗಳನ್ನು ತಿದ್ದುವಷ್ಟು ಹೊತ್ತು ಮಾತ್ರ.

ಆದರೆ ಈ ಎಲ್ಲ ಜಾಣ್ಮೆಗೂ ಬೆಲೆಯಿದೆ. ಬದಲಾವಣೆಗಳನ್ನು ಬೇರೆ ಬರೆದಿಡಲು ಹೆಚ್ಚುವರಿ ಜಾಗ, ನೆನಪು, ಮತ್ತು ಪ್ರತಿ ಬರವಣಿಗೆಯನ್ನೂ ಅಡ್ಡಗಟ್ಟಿ ನೋಡುವ ಒಂದು ಪದರ ಬೇಕು. ಫ್ಯಾಟ್‌ನಲ್ಲಿ ದಿನಚರಿ ಇಲ್ಲ. ಯಾವ ಕೊಂಡಿ ಯಾವಾಗ ಬದಲಾಯಿತು ಎಂದು ಅದು ಹೇಳಲಾರದು. 32 ಎಂಬಿ ರ‍್ಯಾಮಿನ ಯಂತ್ರದಲ್ಲಿ ಇದ್ದ ಪ್ರಾಮಾಣಿಕ ದಾರಿಗಳು ಎರಡೇ: ಮೊದಲಿನಿಂದ ಎಣಿಸು, ಇಲ್ಲವೇ ಬಾಗಿಲು ಮುಚ್ಚಿ ಎಣಿಸು. ಎರಡನೆಯದನ್ನು ಎಕ್ಸ್‌ಪಿಯೂ ಸೇರಿದ ಎನ್‌ಟಿ ಬಳಗದ ವಿಂಡೋಸ್‌ಗಳು ಹಿಡಿದವು. ಬಳಕೆಯಲ್ಲಿರುವ ಡ್ರೈವನ್ನು ತಿದ್ದಲು ಅಲ್ಲಿನ ಚೆಕ್‌ಡಿಸ್ಕ್ ಒಪ್ಪುವುದಿಲ್ಲ. ಮುಂದಿನ ಸಲ ಯಂತ್ರ ಏಳುವಾಗ, ಬೇರೆ ಯಾರೂ ಏಳುವ ಮೊದಲು ನೋಡುತ್ತೇನೆ ಎನ್ನುತ್ತದೆ. ಹಾಗಾಗಿ ಎಕ್ಸ್‌ಪಿ ಯಂತ್ರದಲ್ಲಿ ಏಳುವಾಗಿನ ತಪಾಸಣೆ ಮುಗಿಯದಿದ್ದರೆ ಕಪ್ಪೆಗಳನ್ನು ದೂರುವಂತಿಲ್ಲ. ಅಲ್ಲಿ ಸಂಶಯಪಡಬೇಕಾದದ್ದು ತಟ್ಟೆಯ ಗಾಯವನ್ನು.

ನೆಲದ ತಪಾಸಣೆಗೆ ಬರೋಣ. ಹಾರ್ಡ್‌ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುವಾಗ ಒಂದು ಸುತ್ತಿಗೆ 11 ಮಿಲಿಸೆಕೆಂಡು. ಓದುವ ಹೆಡ್ ತಟ್ಟೆಯಿಂದ ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಎತ್ತರದಲ್ಲಿ ತೇಲುತ್ತದೆ. 512 ಬೈಟುಗಳ ಒಂದೊಂದು ಸೆಕ್ಟರಿನ ಹಿಂದೆಯೂ ತಪ್ಪು ತಿದ್ದುವ ಹೆಚ್ಚುವರಿ ಬಿಟ್‌ಗಳಿವೆ. ಸಣ್ಣ ತಪ್ಪುಗಳನ್ನು ಡಿಸ್ಕ್ ತಾನೇ ಸರಿಪಡಿಸಿಕೊಂಡು ಯಾರಿಗೂ ಹೇಳದೆ ಮುಂದೆ ಹೋಗುತ್ತದೆ. ತಪ್ಪು ದೊಡ್ಡದಾದರೆ ಇನ್ನೊಂದು ಸುತ್ತು ಕಾದು ಓದುತ್ತದೆ. ಹೆಡ್ಡನ್ನು ತುಸು ಅತ್ತ ಸರಿಸಿ ನೋಡುತ್ತದೆ, ತುಸು ಇತ್ತ ಸರಿಸಿ ನೋಡುತ್ತದೆ, ಬೇರೆ ಜಾಗಕ್ಕೆ ಒಯ್ದು ಮರಳಿ ತರುತ್ತದೆ. ಕೇಳುವ ಟಕ್ ಸದ್ದು ಈ ಹೋಗಿಬರುವಿಕೆಯದೇ. ಡಿಸ್ಕ್ ಕೈಚೆಲ್ಲಿದ ಮೇಲೆ ವಿಂಡೋಸ್ ಮತ್ತೆ ಕೇಳುತ್ತದೆ, ಇಡೀ ಪ್ರಯತ್ನ ಇನ್ನೊಮ್ಮೆ. ಹೀಗೆ ಒಂದೊಂದು ಸೆಕ್ಟರಿಗೆ 30 ಸೆಕೆಂಡು ಹಿಡಿದರೆ, ಸಾವಿರ ಕೆಟ್ಟ ಸೆಕ್ಟರುಗಳು, ಅಂದರೆ ಬರೀ ಅರ್ಧ ಎಂಬಿ, ಎಂಟು ಗಂಟೆಗೂ ಹೆಚ್ಚು ಹೊತ್ತು ನುಂಗುತ್ತವೆ. ಅದೇ ಡಿಸ್ಕಿನ ಉಳಿದ 80 ಜಿಬಿ ಸೆಕೆಂಡಿಗೆ 40 ಎಂಬಿಯಂತೆ ಅರ್ಧ ಗಂಟೆ ಚಿಲ್ಲರೆಯಲ್ಲಿ ಮುಗಿದಿರುತ್ತಿತ್ತು. ಪಟ್ಟಿ ನಿಂತಿದೆ ಎಂದರೆ ಯಂತ್ರ ಸತ್ತಿದೆ ಎಂದಲ್ಲ. ಅದು ಒಂದೇ ಗಾಯವನ್ನು ಸಾವಿರ ಸಲ ಮುಟ್ಟಿ ನೋಡುತ್ತಿದೆ.

ಇಲ್ಲೇ ಅತ್ಯಂತ ಹಾನಿ ಮಾಡಿದ ಸಲಹೆಯೊಂದಿದೆ: ‘ರಾತ್ರಿಯಿಡೀ ಬಿಡಿ, ಬ್ಯಾಡ್ ಸೆಕ್ಟರುಗಳನ್ನೆಲ್ಲ ಗುರುತು ಹಾಕಿ ಅದೇ ಸರಿಮಾಡುತ್ತದೆ.’ ಗುರುತು ಹಾಕುವುದು ನಿಜ, ಡಿಸ್ಕಿನಲ್ಲಿ ಬದಲಿಗೆಂದು ಇಟ್ಟ ಮೀಸಲು ಸೆಕ್ಟರುಗಳಿರುವುದೂ ನಿಜ. ಆದರೆ ಓದಲು ಬಾರದ ಸೆಕ್ಟರಿನಲ್ಲಿ ಇದ್ದದ್ದನ್ನು ಗುರುತು ಹಾಕುವುದರಿಂದ ಮರಳಿ ಪಡೆಯಲು ಆಗುವುದಿಲ್ಲ. ಗಾಯಕ್ಕೆ ಕಾರಣ ಹೆಡ್ ತಟ್ಟೆಗೆ ಉಜ್ಜಿದ್ದಾಗಿದ್ದರೆ, ಎದ್ದ ಪುಡಿ ಒಳಗೇ ಸುತ್ತುತ್ತಿರುತ್ತದೆ. ರಾತ್ರಿಯಿಡೀ ಅದೇ ಜಾಗದ ಮೇಲೆ ಹೆಡ್ಡನ್ನು ಓಡಾಡಿಸಿದರೆ ಗಾಯ ಹರಡುತ್ತದೆ. ಗೂಗಲ್ ಸಂಸ್ಥೆಯ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬಲವಾದ ಸಾಕ್ಷ್ಯ. ನೆಲದ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕುಗಳು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ಅಂಥ ದೋಷ ಕಾಣದ ಡಿಸ್ಕುಗಳಿಗಿಂತ 39 ಪಟ್ಟು ಹೆಚ್ಚು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ದಾಖಲೆಯಲ್ಲಿ ಏನೂ ಕಾಣುತ್ತಿಲ್ಲವಲ್ಲ ಎಂದು ಸಮಾಧಾನಪಡುವವರಿಗೆ ಅದೇ ಅಧ್ಯಯನದ ಇನ್ನೊಂದು ಅಂಕಿ: ಕೆಟ್ಟುಹೋದ ಡಿಸ್ಕುಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ದೋಷ ಕಂಡರೆ ನಂಬಬೇಕು. ಕಾಣದಿದ್ದರೆ ಅದನ್ನೇ ಆರೋಗ್ಯದ ಪ್ರಮಾಣಪತ್ರ ಎಂದುಕೊಳ್ಳಬಾರದು.

ಮೂರನೆಯದೊಂದು ಬಗೆಯೂ ಇದೆ, ಅದನ್ನು ಗಾಯವೆಂದು ತಪ್ಪು ತಿಳಿಯುವುದುಂಟು. ಪಟ್ಟಿ ಮರಳುವುದಿಲ್ಲ, ನಿಲ್ಲುವುದೂ ಇಲ್ಲ, ಆಮೆಯಂತೆ ಸಾಗುತ್ತದೆ. ಎಕ್ಸ್‌ಪಿಯಲ್ಲಿ ಇದರ ಸಾಮಾನ್ಯ ಕಾರಣ ಸಡಿಲವಾದ ಅಥವಾ ಹಳೆಯದಾದ ಡೇಟಾ ಕೇಬಲ್. ಸಾಗಣೆಯಲ್ಲಿ ಒಟ್ಟು ಆರು ತಪ್ಪುಗಳು ಕಂಡರೆ ವಿಂಡೋಸ್ ಡಿಸ್ಕಿನೊಂದಿಗಿನ ಮಾತುಕತೆಯ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ, ತಪ್ಪುಗಳು ಮುಂದುವರಿದರೆ ಕೊನೆಗೆ ಪಿಐಒ ಎಂಬ ಹಳೆಯ ಕ್ರಮಕ್ಕೆ ತಂದು ನಿಲ್ಲಿಸುತ್ತದೆ. ಅದರಲ್ಲಿ ಸೆಕೆಂಡಿಗೆ 3 ಎಂಬಿ ಮಾತ್ರ ಸಿಕ್ಕಿದರೆ ಅರ್ಧ ಗಂಟೆಯ ಕೆಲಸಕ್ಕೆ ಏಳೂವರೆ ಗಂಟೆ. ಮತ್ತೆ, ಹಳೆಯ ಯಂತ್ರಕ್ಕೆ ಹೊಸ ದೊಡ್ಡ ಡಿಸ್ಕ್ ಹಾಕಿದವರಿಗೊಂದು ಮಾತು. ವಿಂಡೋಸ್ 98ರ ಸ್ಕ್ಯಾನ್‌ಡಿಸ್ಕ್ 16 ಬಿಟ್‌ನ ಪ್ರೋಗ್ರಾಂ, 16 ಎಂಬಿಗಿಂತ ತುಸು ಕಡಿಮೆಯ ಒಂದು ತುಂಡು ನೆನಪಿನಲ್ಲಿ ಇಡೀ ಫ್ಯಾಟ್ ಹಿಡಿಸಬೇಕು. 41,77,920ಕ್ಕಿಂತ ಹೆಚ್ಚು ಕ್ಲಸ್ಟರುಗಳಿದ್ದರೆ, ಅಂದರೆ ಕ್ಲಸ್ಟರಿಗೆ 32 ಕೆಬಿಯಂತೆ 127.53 ಜಿಬಿ ದಾಟಿದರೆ, ಅದು ಕೆಲಸ ಮಾಡಲಾರದು. ಅಲ್ಲಿ ಡಿಸ್ಕಿನದೂ ತಪ್ಪಿಲ್ಲ, ಬರೆಯುವವರದೂ ತಪ್ಪಿಲ್ಲ. ಅಳೆಯುವ ಕೋಲು ಗಿಡ್ಡ.

ಇವನ್ನು ಬೇರ್ಪಡಿಸಿ ನೋಡಲು ಬೇಕಾದದ್ದು ಒಂದು ತುಂಡು ಕಾಗದ ಮತ್ತು ಗಡಿಯಾರ. ಮರಳಿದ ಅಥವಾ ನಿಂತ ಪ್ರತಿ ಸಲವೂ ಪಟ್ಟಿ ಶೇಕಡಾ ಎಷ್ಟರಲ್ಲಿತ್ತು ಎಂದು ಬರೆದಿಡಬೇಕು. 40, 12, 71, 25 ಎಂದು ಚದುರಿದ್ದರೆ ಯಾರೋ ಬರೆಯುತ್ತಿದ್ದಾರೆ; ಹೊರಗಿನ ಕಾರಣ, ಅದು ಹೊತ್ತಿಗೆ ಅಂಟಿಕೊಂಡಿರುತ್ತದೆ. ಪ್ರತಿ ಸಲವೂ 63ರ ಆಸುಪಾಸಿನಲ್ಲೇ ಎಂದಾದರೆ ಕಾರಣ ಜಾಗಕ್ಕೆ ಅಂಟಿಕೊಂಡಿದೆ, ತಟ್ಟೆಯ ಮೇಲಿದೆ. ಹೊತ್ತಿಗೆ ಅಂಟಿದ್ದಾದರೆ ಯಂತ್ರವನ್ನು ಸುಮ್ಮನಾಗಿಸಿ ತಪಾಸಣೆ ಮುಗಿಸಬೇಕು. ಜಾಗಕ್ಕೆ ಅಂಟಿದ್ದಾದರೆ ತಪಾಸಣೆಯನ್ನು ಆ ಕ್ಷಣವೇ ನಿಲ್ಲಿಸಬೇಕು.

ಅಷ್ಟು ಹಳೆಯ ಯಂತ್ರಕ್ಕೆ ಇಷ್ಟೇಕೆ ಒದ್ದಾಟ, ಹೊಸದು ಕೊಳ್ಳಬಾರದೇ ಎನ್ನುವವರಿಗೆ ಹೇಳುವುದಿಷ್ಟು. ಯಂತ್ರ ಹಳೆಯದು, ಒಳಗಿರುವುದಕ್ಕೆ ಬದಲಿಯಿಲ್ಲ. ವಿಂಡೋಸಿಗೆ ಕನ್ನಡ ಯೂನಿಕೋಡ್ ಮತ್ತು ತುಂಗಾ ಅಕ್ಷರರೂಪ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ. ಅದಕ್ಕೂ ಮೊದಲಿನ ಕನ್ನಡದ ಗಣಕ ಬರಹ ಬಹುಪಾಲು ಆಯಾ ತಂತ್ರಾಂಶದ ಅಕ್ಷರರೂಪಗಳಿಗೆ ಕಟ್ಟುಬಿದ್ದ ಸಂಕೇತಗಳಲ್ಲಿದೆ. ಆ ತಂತ್ರಾಂಶ, ಆ ಅಕ್ಷರರೂಪ ಇರುವ ಡಿಸ್ಕೇ ಎಷ್ಟೋ ಕಡೆ ಅದನ್ನು ಓದುವ ಕೀಲಿಕೈ. ಡಿಟಿಪಿ ಅಂಗಡಿಯ ಮೂಲೆಯಲ್ಲಿ ಕುಳಿತ 4 ಜಿಬಿ ಡಿಸ್ಕಿನಲ್ಲಿ ಮರುಮುದ್ರಣ ಕಾಣದ ಪುಸ್ತಕವೊಂದರ ಪುಟಗಳಿರಬಹುದು. ಅದನ್ನು ‘ಹ್ಯಾಂಗ್ ಆಯ್ತು’ ಎಂದು ಹತ್ತು ಸಲ ಆರಿಸಿ ಹೊತ್ತಿಸುವುದು ನನಗೆ ಸಹಿಸಲಾಗದ ಅಸಡ್ಡೆ.

ಗಾಯದ ಕಾರಣಕ್ಕೆ ತಪಾಸಣೆ ನಿಲ್ಲಿಸಿದ ಮೇಲೆ ಮಾಡಬೇಕಾದ ಕೆಲಸದ ಸರದಿ ಅದಕ್ಕೆ ಪೂರ್ತಿ ತಿರುಗುಮುರುಗು. ತಪಾಸಣೆ ಮೊದಲಿನಿಂದ ಕೊನೆಗೆ ಸಾಲಾಗಿ ಹೋಗುತ್ತದೆ, ಗಾಯ ಸಿಕ್ಕಲ್ಲಿ ಕಾಲೂರಿ ನಿಲ್ಲುತ್ತದೆ. ರಕ್ಷಿಸಲು ಹೊರಟವರು ಗಾಯವನ್ನು ತಪ್ಪಿಸಿಕೊಂಡು ಮುಂದೆ ಹೋಗಬೇಕು. ಆ ಡಿಸ್ಕನ್ನು ಬಿಚ್ಚಿ ಗಟ್ಟಿಮುಟ್ಟಾದ ಬೇರೆ ಯಂತ್ರಕ್ಕೆ ಜೋಡಿಸಿ, ಅದಕ್ಕೆ ಒಂದಕ್ಷರವೂ ಬರೆಯದಂತೆ ನೋಡಿಕೊಂಡು, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಸೆಕ್ಟರು ಸೆಕ್ಟರಾಗಿ ಇನ್ನೊಂದು ಡಿಸ್ಕಿಗೆ ನಕಲು ಮಾಡಬಹುದು. ಅದು ಸಲೀಸಾಗಿ ಓದಿಬರುವ ಭಾಗವನ್ನೆಲ್ಲ ಮೊದಲು ತೆಗೆದುಕೊಳ್ಳುತ್ತದೆ. ತಡವರಿಸಿದ ಕಡೆ ಹಾರಿ ಮುಂದೆ ಹೋಗಿ, ಹಾರಿದ ಜಾಗಗಳನ್ನು ಒಂದು ನಕ್ಷೆಯಲ್ಲಿ ಗುರುತಿಟ್ಟುಕೊಂಡು, ಗಾಯಗಳ ಅಂಚನ್ನು ಕೊನೆಗೆ ಕೆರೆಯುತ್ತದೆ. ನಡುವೆ ಡಿಸ್ಕ್ ಬಿಸಿಯಾದರೆ ಆರಿಸಿ, ತಣ್ಣಗಾದ ಮೇಲೆ ನಕ್ಷೆಯಿಂದಲೇ ಮುಂದುವರಿಸಬಹುದು. ಓದಲು ಬಾರದೆ ಉಳಿದ ಚೂರುಗಳು ನಕಲಿನಲ್ಲಿ ಖಾಲಿಯಾಗಿ ಬರುತ್ತವೆ. ಸ್ಕ್ಯಾನ್‌ಡಿಸ್ಕ್ ಅಥವಾ ಚೆಕ್‌ಡಿಸ್ಕನ್ನು ಹಚ್ಚಬೇಕಾದದ್ದು ಆಮೇಲೆ, ಆ ನಕಲಿನ ಮೇಲೆ, ಸಾಧ್ಯವಾದರೆ ನಕಲಿನ ಇನ್ನೊಂದು ಪ್ರತಿಯ ಮೇಲೆ. ಹೊಸ ತಟ್ಟೆಯಲ್ಲಿ ಗಾಯವಿಲ್ಲ, ಅದಕ್ಕೆ ಬೇರೆ ಯಾರೂ ಬರೆಯುತ್ತಿಲ್ಲ. ಹಳೆಯ ಯಂತ್ರದಲ್ಲಿ ದಿನವಿಡೀ 63ರಲ್ಲಿ ನಿಂತಿದ್ದ ಪಟ್ಟಿ ಇಲ್ಲಿ ತಡೆಯಿಲ್ಲದೆ ಕೊನೆಯವರೆಗೆ ಹೋಗುತ್ತದೆ, ಕಳಚಿದ ಸರಪಳಿಗಳನ್ನು ಬೇರೆ ಕಡತಗಳಾಗಿ ಎತ್ತಿಡುತ್ತದೆ.